ಹಂಚು ಇಳಿಸುವ ಮೊದಲು

ಕರಾವಳಿ, ಮಲೆನಾಡಿನಲ್ಲಿ ಹಳೆಯ ಮನೆಯ ಮಾಡು ಸೋರತೊಡಗಿದರೆ ಈಗ ಸಿಗುವ ಸಲಹೆ ಒಂದೇ: ಹಂಚು ತೆಗೆದು ಶೀಟು ಹಾಕಿಸಿ, ಖರ್ಚು ಕಡಿಮೆ, ಕೆಲಸ ಬೇಗ ಮುಗಿಯುತ್ತದೆ, ಮಂಗನ ಕಾಟವೂ ತಪ್ಪುತ್ತದೆ. ಮಂಗನ ಮಾತು ನಿಜ. ಖರ್ಚಿನ ಮಾತನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು.

ಸೋರಿಕೆಗೆ ಹಂಚೇ ಕಾರಣವಾಗಿರುವುದು ಕಡಿಮೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು; ಹಳೆಯ ಕಾರ್ಖಾನೆಗಳ ಹೆಸರು ಒತ್ತಿರುವ ಹಂಚುಗಳು ಇವತ್ತಿಗೂ ಎಷ್ಟೋ ಮನೆಗಳ ಮೇಲಿವೆ. ಸುಟ್ಟ ಜೇಡಿಮಣ್ಣು ಕೊಳೆಯದು, ತುಕ್ಕು ಹಿಡಿಯದು. ಕೆಡುವುದು ಅದರಡಿಯ ಮರ. ರೀಪಿಗೆ ಗೆದ್ದಲು ಹತ್ತಿ, ಪಕ್ಕಾಸು ಬಾಗಿದಾಗ ಹಂಚಿನ ಸಾಲು ಜರುಗುತ್ತದೆ. ಒಂದರ ಅಂಚು ಇನ್ನೊಂದರೊಳಗೆ ಸರಿಯಾಗಿ ಕೂರದೆ ನೀರಿಗೆ ದಾರಿಯಾಗುತ್ತದೆ.

ಭಾರ ನೋಡಿ. ಒಂದು ಹಂಚು ಸುಮಾರು ಎರಡೂವರೆ ಕಿಲೋ, ಚದರ ಮೀಟರಿಗೆ ಸುಮಾರು 15 ಬೇಕು. 100 ಚದರ ಮೀಟರ್ ಮಾಡಿನ ಮೇಲೆ ನಾಲ್ಕು ಟನ್ನಿಗೆ ಹತ್ತಿರ. ಹಂಚು ನೀರು ಕುಡಿಯುವುದರಿಂದ ಆಷಾಢದಲ್ಲಿ ಇನ್ನರ್ಧ ಟನ್ ಸೇರಬಹುದು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟಾದರೆ ಇಡೀ ಮಾಡಿಗೇ ಅರ್ಧ ಟನ್. ಸೋತ ಮರಕ್ಕೆ ಇದು ದೊಡ್ಡ ಬಿಡುವು ಅನ್ನಿಸುತ್ತದೆ.

ಆದರೆ ಹಗುರಾದದ್ದನ್ನು ಗಾಳಿ ಬಿಡುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಮಂಗಳೂರಿಗೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 900 ನ್ಯೂಟನ್ ಒತ್ತಡ, ಹತ್ತಿರಹತ್ತಿರ 90 ಕಿಲೋ ತೂಕದಷ್ಟು. ಮಾಡಿನ ಇಳಿಜಾರು, ತೆರೆದ ಬಾಗಿಲುಗಳಿಗೆ ತಕ್ಕಂತೆ ಇದರಲ್ಲೊಂದು ಪಾಲು ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಹಂಚಿನ ಸಂದುಗಳಲ್ಲಿ ಗಾಳಿ ನುಸುಳಿ ಒಳಗಿನ, ಹೊರಗಿನ ಒತ್ತಡ ಸ್ವಲ್ಪ ಸರಿದೂಗುತ್ತದೆ, ಉಳಿದದ್ದಕ್ಕೆ ಭಾರವಿದೆ. ಚದರ ಮೀಟರಿಗೆ ಐದು ಕಿಲೋ ಇರುವ ಶೀಟಿಗೆ ಸ್ಕ್ರೂ ಒಂದೇ ಗತಿ. ಗೆದ್ದಲು ತಿಂದ ಮರ ಶೀಟನ್ನು ಹೊತ್ತೀತು, ಸ್ಕ್ರೂವನ್ನು ಹಿಡಿಯಲಾರದು. ಆದ್ದರಿಂದ ಶೀಟು ಹಾಕಿದರೂ ಅಡಿಗೆ ಹೊಸ ಕಬ್ಬಿಣದ ಪೈಪುಗಳು ಬೇಕು. ಅಂಗಡಿಯವನು ಹೇಳುವ ಚದರಡಿ ದರದಲ್ಲಿ ಇದು ಸೇರಿರುವುದಿಲ್ಲ.

ಸೆಕೆಯ ಲೆಕ್ಕವೂ ಸೇರಿರುವುದಿಲ್ಲ. ತೆಳು ತಗಡು ಬಿಸಿಲಿಗೆ ಬೇಗ ಕಾದು, ಕೆಳಗಿರುವವರ ತಲೆಯ ಮೇಲೆ ಅವಕೆಂಪು ಕಿರಣಗಳಾಗಿ ಆ ಬಿಸಿಯನ್ನು ಸುರಿಯುತ್ತದೆ. ಹಂಚಿನ ಮಾಡಾದರೆ ಬಿಸಿಗಾಳಿ ಸಂದುಗಳಿಂದಲೇ ಹೊರಹೋಗುತ್ತದೆ, ಒದ್ದೆ ಹಂಚು ಒಣಗುವಾಗ ತಂಪೂ ಆಗುತ್ತದೆ. ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ ಇನ್ನೊಂದು ತಕರಾರು: ಶೀಟು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಒಳಮೈಯಲ್ಲಿ ಇಬ್ಬನಿ ಕಟ್ಟಿ ತೊಟ್ಟಿಕ್ಕುತ್ತದೆ. ಹೊಸ ಮಾಡೂ ಸೋರುತ್ತಿದೆ ಎಂದು ಕೆಲಸದವರಿಗೆ ಬೈಯುವವರಿದ್ದಾರೆ! ಕೊನೆಗೆ ಮುಚ್ಚಿಗೆ ಹಾಕಿಸಬೇಕಾಗುತ್ತದೆ, ಅದೂ ದುಡ್ಡೇ.

ಎಲ್ಲಕ್ಕಿಂತ ಅಗ್ಗವೆಂದು ಕಲ್ನಾರು ಬೆರೆತ ಸಿಮೆಂಟ್ ಶೀಟಿಗೆ ಹೋಗಬೇಡಿ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಹಳೆಯದು ಇದ್ದರೆ ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು, ಅಪಾಯವಿರುವುದು ಧೂಳಿನಲ್ಲಿ.

ನನ್ನ ಒಲವು ಹೇಳಿಬಿಡುತ್ತೇನೆ: ಹೇಗೂ ಪೈಪಿನ ಚೌಕಟ್ಟು ಮಾಡಿಸುವುದಾದರೆ ಅದನ್ನು ಹಂಚಿನ ಭಾರಕ್ಕೇ ಮಾಡಿಸಿ, ಇಳಿಸಿದ ಹಂಚನ್ನೇ ಮತ್ತೆ ಏರಿಸಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹಂಚು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಕಡಿಮೆ ಬಿದ್ದದ್ದಕ್ಕೆ ಅದೇ ಅಚ್ಚಿನ ಹಳೆಯ ಹಂಚು ಹುಡುಕಿ. ಅಚ್ಚು ಬೇರೆಯಾದರೆ ಒಂದಕ್ಕೊಂದು ಕೂರುವುದಿಲ್ಲ.

ಮಂಗನ ದಂಡು ಬರುವ ಊರಿನಲ್ಲಿ ಶೀಟೇ ಬೇಕಾದೀತು. ಆಗ ಬಣ್ಣ ನೋಡಿ ಕೊಳ್ಳುವ ಬದಲು ಲೇಪ ಕೇಳಿ. ಗ್ಯಾಲ್ವಾಲ್ಯೂಮ್ ಲೇಪದಲ್ಲಿ ಶೇಕಡ 55 ಅಲ್ಯೂಮಿನಿಯಂ, ಉಳಿದದ್ದು ಬಹುತೇಕ ಸತು. ಗೀರು ಬಿದ್ದ ಕಡೆ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪವಿದ್ದರೆ ಒಳ್ಳೆಯದು. ಉಪ್ಪುಗಾಳಿ ಬೀಸುವ ಕಡಲಂಚಿನಲ್ಲಿ ಅದೂ ಬೇಗ ಸವೆಯುತ್ತದೆ. ಹಸಿ ಸಿಮೆಂಟ್ ಗಾರೆಯ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಗೋಡೆಗೆ ಸೇರುವ ಕಡೆ ಗಾರೆ ಮೆತ್ತಲು ಬಿಡಬೇಡಿ. ಶೀಟನ್ನು ಗ್ರೈಂಡರಿನಲ್ಲಿ ಕೊಯ್ದರೆ ಅಂಚಿನ ಲೇಪ ಸುಟ್ಟುಹೋಗುತ್ತದೆ, ಸಿಡಿದ ಬಿಸಿ ಚೂರುಗಳು ಮೈಮೇಲೆ ಅಂಟಿ ತುಕ್ಕು ಹಿಡಿಯುತ್ತವೆ. ತಗಡು ಕತ್ತರಿಯಲ್ಲೇ ಕತ್ತರಿಸಲು ಹೇಳಿ, ಸಂಜೆ ಇಳಿಯುವ ಮುಂಚೆ ಮಾಡನ್ನು ಗುಡಿಸಿಸಿ.