ಹತ್ತು ದಿನ ಸುಮ್ಮನಿದ್ದ ಗೋರಂಟಿ

"ಮದುವೆಮನೆಯಲ್ಲಿ ಹಚ್ಚಿಸಿದ ಕಪ್ಪು ಗೋರಂಟಿ ಹತ್ತು ದಿನ ಚೆನ್ನಾಗೇ ಇತ್ತು. ಈಗ ಮಗಳ ಕೈಮೇಲೆ ಬಳ್ಳಿ, ಹೂವು ಬರೆದಲ್ಲೆಲ್ಲ ಗುಳ್ಳೆ ಎದ್ದಿದೆ. ದೃಷ್ಟಿ ತಾಗಿದೆ ಅಂತಾರೆ ನಮ್ಮತ್ತೆ. ಹತ್ತು ದಿನ ಏನೂ ಮಾಡದ ಬಣ್ಣ ಈಗೇನು ಮಾಡೀತು?" ಎಂದು ಓದುಗರೊಬ್ಬರು ಕೇಳಿದ್ದಾರೆ.

ದೃಷ್ಟಿಯ ಮಾತು ಬಿಡಿ. ಗುಳ್ಳೆ ಚಿತ್ತಾರದ ಗೆರೆ ದಾಟಿಲ್ಲವಲ್ಲ, ಅಷ್ಟು ಅಚ್ಚುಕಟ್ಟಾದ ದೃಷ್ಟಿ ಯಾರದ್ದೂ ಇರಲಾರದು! ಹೀಗಾದಾಗ ಅನುಮಾನ ಪಡಬೇಕಾದ್ದು ತಲೆಗೂದಲ ಬಣ್ಣದಲ್ಲಿರುವ ಪ್ಯಾರಾ-ಫಿನೈಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ, ಎಂಬ ರಾಸಾಯನಿಕವನ್ನು. ಗೋರಂಟಿ ಎಲೆಯ ಲಾಸೋನ್ ಮೊದಲು ಕಿತ್ತಳೆ ಬಣ್ಣ ಕೊಟ್ಟು, ಒಂದೆರಡು ದಿನಕ್ಕೆ ಕಂದುಗೆಂಪಾಗುತ್ತದೆ. ಗಂಟೆಯೊಳಗೆ ಕಾಡಿಗೆಯಂತೆ ಕಪ್ಪಾಗುವುದು ಆ ಎಲೆಯ ಕೈಲಾಗದ ಕೆಲಸ; ಅದಕ್ಕೇ ಪಿಪಿಡಿ ಬೆರೆಸುವುದುಂಟು. ಕೂದಲಿಗೆ ಹಚ್ಚುವ ಬಣ್ಣದಲ್ಲೂ ಪಿಪಿಡಿ ಶೇ. 2 ಮೀರಬಾರದೆಂದು ಯುರೋಪ್ ಒಕ್ಕೂಟದ ನಿಯಮ. ಚರ್ಮದ ಮೇಲೆ ಬರೆಯಲು ಅನುಮತಿಯೇ ಇಲ್ಲ. ಕಪ್ಪು ಗೋರಂಟಿಯ ಕೆಲವು ಮಾದರಿಗಳಲ್ಲಿ ಶೇ. 15ಕ್ಕೂ ಹೆಚ್ಚು ಸಿಕ್ಕಿದ್ದುಂಟು.

ಇನ್ನು ಆ ಹತ್ತು ದಿನ. ನನಗೆ ಸೋಜಿಗವೆನಿಸುವುದು ಇದೇ. ಪಿಪಿಡಿ ಅಣು ಎಷ್ಟು ಚಿಕ್ಕದೆಂದರೆ, ಅದು ಒಂಟಿಯಾಗಿದ್ದರೆ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಕಾಣುವುದೇ ಇಲ್ಲ. ಆಮ್ಲಜನಕದ ಸಹವಾಸದಲ್ಲಿ ರೂಪ ಬದಲಿಸಿ, ಚರ್ಮದೊಳಗೆ ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಆ ಜೋಡಿ ಪರಕೀಯವೆನಿಸುತ್ತದೆ. ಅದನ್ನು ಹಿಡಿಯುವವುಗಳಲ್ಲಿ ಚರ್ಮದ ಲ್ಯಾಂಗರ್‌ಹಾನ್ಸ್ ಕೋಶಗಳೂ ಸೇರಿವೆ. (1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ಇವನ್ನು ಕಂಡು ನರಕೋಶವೆಂದೇ ತಿಳಿದಿದ್ದ.) ಇವು ಆ ಗುರುತನ್ನು ಹೊತ್ತು ಕಂಕುಳಿನ ದುಗ್ಧರಸ ಗ್ರಂಥಿಗೆ ಸಾಗುತ್ತವೆ. ಅಲ್ಲಿ ಅದಕ್ಕೆ ಹೊಂದುವ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಬೆರಳೆಣಿಕೆಯಷ್ಟು. ಅವು ಎಚ್ಚೆತ್ತು, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆದು ಕೈಗೆ ಬರಲು ವಾರ, ಎರಡು ವಾರ ಬೇಕು. ಬಂದಾಗ ಪಿಪಿಡಿ ಇನ್ನೂ ಅಲ್ಲೇ ಉಳಿದಿದ್ದರೆ ಗೆರೆಗೆರೆಯಲ್ಲೂ ಗುಳ್ಳೆ. ಮುಂದಿನ ಸಲ ಒಂದೆರಡು ದಿನವೇ ಸಾಕು. ಆ ನೆನಪು ಸಾಮಾನ್ಯವಾಗಿ ಜೀವಮಾನವಿಡೀ ಅಳಿಯದು. 'ಹೋದಸಲ ಏನೂ ಆಗಲಿಲ್ಲ' ಎಂಬ ಮಾತಿಗೆ ಅದಕ್ಕೇ ಬೆಲೆಯಿಲ್ಲ. ಹೋದಸಲವೇ ದೇಹ ಗುರುತು ಹಾಕಿಕೊಂಡಿರಬಹುದು.

ಬಣ್ಣ ಗಾಢವಾದಷ್ಟೂ ಗಂಡನ ಪ್ರೀತಿ ಹೆಚ್ಚಂತೆ! ಕಪ್ಪು ಕೋನ್ ಮಾರುವವರಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಬೇಕೆ? ಆ ಹುಡುಗಿಗಂತೂ ಇನ್ನೂ ಗಂಡನೇ ಇಲ್ಲ.

ಮಗುವನ್ನು ಚರ್ಮವೈದ್ಯರಿಗೆ ತೋರಿಸಿ. ಗುಳ್ಳೆ ಆರಿದ ಮೇಲೆ ಅದೇ ಬಳ್ಳಿ, ಹೂವು ಕೆಲವು ತಿಂಗಳು ಬಿಳಿಚಿಕೊಂಡು ಉಳಿಯಬಹುದು. ಸಾಮಾನ್ಯವಾಗಿ ಅದು ತೊನ್ನಲ್ಲ, ಗಾಬರಿ ಬೇಡ. ಪರೀಕ್ಷೆಯಲ್ಲಿ ಪಿಪಿಡಿಯೇ ಎಂದು ತಿಳಿದರೆ ಹಾಗೆಂದು ಚೀಟಿಯಲ್ಲಿ ಬರೆಸಿ ಜೋಪಾನವಾಗಿಡಿ. ಮುಂದೆಂದೋ ಈಕೆ ಕೂದಲಿಗೆ ಬಣ್ಣ ಹಾಕಿಸಲು ಹೋದರೆ ಮುಖ, ಕಣ್ಣೆಲ್ಲ ಊದಿಕೊಂಡೀತು.