ಸರದಿಯ ಪಟ್ಟಿ ಬರೆದವರು ಯಾರು?

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಊರಿಗೆ ಹೊರಡುವಾಗ ಪುಸ್ತಕವೊಂದನ್ನು ಮರೆತು ಹೋದಳು. ಸುಸಾನ್ ಕಾಲಿನ್ಸ್ ಬರೆದ ‘ದಿ ಹಂಗರ್ ಗೇಮ್ಸ್’. ಹದಿಹರೆಯದವರಿಗಾಗಿ ಬರೆದ ಈ ಕಾದಂಬರಿ ಅಮೆರಿಕದಲ್ಲಿ ಪ್ರಕಟವಾದದ್ದು 2008ರಲ್ಲಿ. ಅಂಚೆಗೆ ಹಾಕುವ ಮುನ್ನ ಸುಮ್ಮನೆ ತಿರುವಿ ಹಾಕೋಣವೆಂದು ಕುಳಿತ, ಅರವತ್ತೈದು ದಾಟಿದ ನಾನು ಎರಡು ರಾತ್ರಿ ನಿದ್ದೆಗೆಟ್ಟು ಅದನ್ನು ಮುಗಿಸಿದೆ. ನಿದ್ದೆ ಕೆಡಿಸಿದ್ದು ಅದರ ಮೊದಲ ಅಧ್ಯಾಯದಲ್ಲಿ ಬರುವ ಒಂದು ಲೆಕ್ಕ.

ಉತ್ತರ ಅಮೆರಿಕ ಅಳಿದ ಮೇಲೆ ಹುಟ್ಟಿಕೊಂಡ ಪನೆಮ್ ಎಂಬ ದೇಶ ಅದು. ಉಂಡು ಮೆರೆಯುವ ಒಂದು ರಾಜಧಾನಿ, ಅದಕ್ಕಾಗಿ ದುಡಿಯುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಒಪ್ಪಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲಬೇಕು; ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಬೇಕು.

ಇನ್ನು ಲೆಕ್ಕ. ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಒಂದು ಚೀಟಿ, ಹದಿಮೂರಕ್ಕೆ ಎರಡು. ಹೀಗೆ ವರ್ಷಕ್ಕೊಂದರಂತೆ ಏರುತ್ತದೆ. ಇಲ್ಲಿಯವರೆಗೆ ಎಲ್ಲರೂ ಸಮಾನರು. ಆದರೆ ಹಸಿದ ಮನೆಯ ಮಗು ತನ್ನ ಹೆಸರನ್ನು ಇನ್ನೊಂದು ಬಾರಿ ಬರೆಸಿದರೆ ಒಬ್ಬರಿಗೆ ಒಂದು ವರ್ಷಕ್ಕೆಂದು ಅರೆಹೊಟ್ಟೆಯ ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ತನಗೆ, ತಾಯಿಗೆ, ತಂಗಿಗೆ ಎಂದು ಪ್ರತಿವರ್ಷ ಮೂರು ಬಾರಿ ಬರೆಸಿದ ನಾಯಕಿ ಕ್ಯಾಟ್ನಿಸ್‌ಳ ಹೆಸರು ಹದಿನಾರನೇ ವಯಸ್ಸಿಗೆ 20 ಚೀಟಿಗಳಲ್ಲಿದೆ. ಹದಿನೆಂಟರ ಗೆಳೆಯ ಗೇಲ್‌ನದು 42ರಲ್ಲಿ. ಅನ್ನದ ಚಿಂತೆಯಿಲ್ಲದ ಮನೆಯ ಹದಿನಾರರ ಹುಡುಗಿಗೆ ಐದೇ ಚೀಟಿ. ಯಾರ ಮೇಲೂ ಬಲಾತ್ಕಾರವಿಲ್ಲ, ಎಲ್ಲವೂ ನಿಯಮಾನುಸಾರ!

ಈ ಪಡಿತರಕ್ಕೆ ಕಾದಂಬರಿಯಲ್ಲಿ ‘ಟೆಸೆರಾ’ ಎಂದು ಹೆಸರು. ಪ್ರಾಚೀನ ರೋಮ್‌ನಲ್ಲಿ ಧಾನ್ಯ ಪಡೆಯಲು ತೋರಿಸಬೇಕಾಗಿದ್ದ ಬಿಲ್ಲೆಯ ಹೆಸರೂ ಅದೇ. ನಾನು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ಕಾಲಕ್ಕೆ ಅಮರ್ತ್ಯ ಸೇನ್ ಅವರ 1981ರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಹೊಸ ಪುಸ್ತಕ. ಆಹಾರ ಇದ್ದೂ ಅದನ್ನು ಪಡೆಯುವ ಹಕ್ಕು ಇಲ್ಲವಾದಾಗ ಜನ ಕ್ಷಾಮದಲ್ಲಿ ಸಾಯುತ್ತಾರೆ ಎಂಬುದನ್ನು ನಾವು ಪರೀಕ್ಷೆಗೆಂದು ಉರು ಹೊಡೆದಿದ್ದೆವು. ಅದು ಮನಸ್ಸಿಗೆ ನಾಟಿದ್ದು ಈಗ, ಮಕ್ಕಳ ಪುಸ್ತಕದಿಂದ.

ಬೆಳಗಿನ ವಾಯುವಿಹಾರದ ಗೆಳೆಯರಲ್ಲಿ ಇದನ್ನು ಹೇಳಿದಾಗ ನಗೆಯೆದ್ದಿತು. ‘ಭಾರತ, ಭಾಗವತ ಓದುವ ವಯಸ್ಸಿನಲ್ಲಿ ಇದೇನು ಸ್ವಾಮಿ ನಿಮಗೆ?’ ಎಂದರು ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು. ಅಮೆರಿಕದಲ್ಲೂ ಈ ತಕರಾರು ಎದ್ದದ್ದುಂಟು. ಹದಿಹರೆಯದವರ ಪುಸ್ತಕಗಳನ್ನು ಕೊಳ್ಳುವವರಲ್ಲಿ ಶೇ 55ರಷ್ಟು ಮಂದಿ 18 ದಾಟಿದವರೆಂದು 2012ರಲ್ಲಿ ಬೌಕರ್ ಸಂಸ್ಥೆಯ ಸಮೀಕ್ಷೆ ಹೇಳಿತ್ತು. ಮಕ್ಕಳಿಗೆಂದು ಬರೆದದ್ದನ್ನು ಓದಲು ದೊಡ್ಡವರಿಗೆ ಸಂಕೋಚವಾಗಬೇಕು ಎಂದು 2014ರಲ್ಲಿ ‘ಸ್ಲೇಟ್’ ಪತ್ರಿಕೆಯಲ್ಲಿ ಲೇಖನವೊಂದು ಬಂದು ದೊಡ್ಡ ಚರ್ಚೆಯೇ ನಡೆಯಿತು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಇಬ್ಬರು ಹುಡುಗರ ನಡುವೆ ತೂಗಾಡುವ ನಾಯಕಿಯ ಮನಸ್ಸಿನ ಪುಟಗಳನ್ನು ನಾನು ಅವಸರದಲ್ಲೇ ದಾಟಿದೆ.

ಆದರೆ ಭಾರತದ ಮಾತೆತ್ತಿದ ಪ್ರಾಧ್ಯಾಪಕರಿಗೆ ಬಕಾಸುರನನ್ನು ನೆನಪಿಸಿದೆ. ಏಕಚಕ್ರನಗರದಲ್ಲೂ ಮನೆಗೊಂದು ಸರದಿ. ಬಂಡಿ ಅನ್ನದೊಡನೆ ಒಬ್ಬ ಮನುಷ್ಯ. ಕಾಲಿನ್ಸ್‌ಗೆ ಕಥೆ ಹೊಳೆದದ್ದು ಮಕ್ಕಳನ್ನು ರಾಕ್ಷಸನಿಗೆ ಒಪ್ಪಿಸುವ ಗ್ರೀಕರ ಥೀಸಿಯಸ್ ಪುರಾಣದಿಂದ, ಜೊತೆಗೆ ಟಿ.ವಿ.ಯ ರಿಯಾಲಿಟಿ ಷೋ ಮತ್ತು ಇರಾಕ್ ಯುದ್ಧದ ದೃಶ್ಯಗಳನ್ನು ಒಂದರ ಹಿಂದೊಂದು ಕಂಡದ್ದರಿಂದ. ‘ಹೌದು, ಏಕಚಕ್ರದಲ್ಲಿ ಸರದಿಯ ಪಟ್ಟಿ ಬರೆದು ಇಟ್ಟವರಾದರೂ ಯಾರು?’ ಎಂದು ಪ್ರಾಧ್ಯಾಪಕರು ನಕ್ಕರು. ಹಾಸ್ಯಕ್ಕೆ ಕೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ. ಪಟ್ಟಿ ಬರೆಯುವುದೇ ಮೂವತ್ತು ವರ್ಷ ನನ್ನ ಉದ್ಯೋಗವಾಗಿತ್ತು.

ಮರುದಿನ ಅವರೇ ಲೋಯಿಸ್ ಲೌರಿಯ ‘ದಿ ಗಿವರ್’ ತಂದುಕೊಟ್ಟರು. 1993ರ ಈ ಕಾದಂಬರಿಗೆ ಮರುವರ್ಷ ನ್ಯೂಬೆರಿ ಪದಕ ಬಂದಿತ್ತು. ಇಲ್ಲಿ ಹಸಿವಿಲ್ಲ, ಜಗಳವಿಲ್ಲ. ಯಾರು ಯಾವ ಕೆಲಸ ಮಾಡಬೇಕೆಂಬುದನ್ನೂ ಹಿರಿಯರ ಸಮಿತಿಯೇ ನಿರ್ಧರಿಸುತ್ತದೆ. ಹನ್ನೆರಡರ ಹುಡುಗ ಜೋನಸ್‌ನ ತಂದೆ ಹಸುಗೂಸುಗಳನ್ನು ಪಾಲಿಸುವ ಇಲಾಖೆಯವನು, ಮೃದು ಸ್ವಭಾವದವನು. ಅವಳಿಗಳು ಹುಟ್ಟಿದರೆ ತೂಕ ಕಡಿಮೆ ಇರುವುದನ್ನು ‘ಬಿಡುಗಡೆ’ ಮಾಡಬೇಕೆಂಬುದು ನಿಯಮ. ತಂದೆ ಕೂಸನ್ನು ಮುದ್ದಿನಿಂದ ಮಾತನಾಡಿಸುತ್ತಲೇ ಸೂಜಿ ಚುಚ್ಚಿ ಕೊಂದು, ಪೆಟ್ಟಿಗೆಗೆ ಹಾಕಿ, ಕೈಬೀಸಿ ಬೀಳ್ಕೊಡುವುದನ್ನು ಮಗ ನೋಡುತ್ತಾನೆ. ಆ ತಂದೆ ದುಷ್ಟನಲ್ಲ. ಅವನು ಸಂಜೆ ಮನೆಗೆ ಬರುವ ನೌಕರ.

ಮೊಮ್ಮಗಳು ಜೋನಸ್ ಆಗಿ, ಕ್ಯಾಟ್ನಿಸ್ ಆಗಿ ಓದುತ್ತಾಳೆ. 2014ರಲ್ಲಿ ಸೇನಾಕ್ರಾಂತಿಯ ನಂತರ ಥಾಯ್ಲೆಂಡಿನ ವಿದ್ಯಾರ್ಥಿಗಳೂ ಹಾಗೇ ಓದಿದ್ದರು; ಕ್ಯಾಟ್ನಿಸ್‌ಳ ಮೂರು ಬೆರಳಿನ ವಂದನೆಯನ್ನು ಬೀದಿಯಲ್ಲಿ ತೋರಿಸಿ ಬಂಧನಕ್ಕೊಳಗಾದರು. 2021ರಲ್ಲಿ ಮ್ಯಾನ್ಮಾರ್‌ನಲ್ಲಿಯೂ ಅದೇ ವಂದನೆ ಕಂಡಿತು. ನಾನು ಓದುತ್ತಾ ಗುರುತಿಸಿಕೊಂಡದ್ದು ಜೋನಸ್‌ನ ತಂದೆಯನ್ನು, ಮತ್ತು ಎಫೀ ಟ್ರಿಂಕೆಟ್‌ಳನ್ನು. ಗಾಜಿನ ಬುರುಡೆಗೆ ಕೈ ಹಾಕಿ ಮಕ್ಕಳ ಹೆಸರು ಎತ್ತುವವಳು ಆಕೆ; ಅವಳ ಚಿಂತೆ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ನಡೆಯಬೇಕೆಂಬುದು.

1990ರ ದಶಕದಲ್ಲಿ ನಾನು ತಹಶೀಲ್ದಾರನಾಗಿದ್ದ ಒಂದು ತಾಲ್ಲೂಕಿನಲ್ಲಿ ಬೋಗಸ್ ಪಡಿತರ ಚೀಟಿಗಳನ್ನು ರದ್ದುಪಡಿಸುವ ಕೆಲಸ ನಡೆದಿತ್ತು. ಬೋಗಸ್ ಚೀಟಿಗಳು ಇದ್ದದ್ದು ನಿಜ, ಕೆಲಸವೂ ಅಗತ್ಯವೇ. ಗ್ರಾಮ ಲೆಕ್ಕಿಗರು ತಂದ ಪಟ್ಟಿಗಳಿಗೆ ಸಂಜೆ ಹೊತ್ತು ಕುಳಿತು ಸಹಿ ಹಾಕುತ್ತಿದ್ದೆ. ಮನೆಗೆ ಬೀಗವಿದ್ದರೆ ‘ವಾಸವಿಲ್ಲ’ ಎಂಬ ಷರಾ. ಕೆಲವು ತಿಂಗಳ ನಂತರ ಒಬ್ಬ ಮುದುಕಿ ಬಂದಳು. ಕಬ್ಬು ಕಡಿಯಲು ಹೋದ ಮಗನೊಡನೆ ಬೇರೆ ಊರಲ್ಲಿದ್ದವಳು. ‘ನಾ ಇಲ್ಲಂತ ಬರದೀರಂತಲ್ರೀ ಸಾಹೇಬ್ರ, ಇಲ್ಲೇ ಅದೀನಿ ನೋಡ್ರಿ’ ಎಂದು ನನ್ನ ಮೇಜಿನ ಮುಂದೆ ನಿಂತಳು. ಹೊಸದಾಗಿ ಅರ್ಜಿ ಕೊಡಬೇಕೆಂದು ತಿಳಿಸಿದೆ. ನಿಯಮ ಇದ್ದದ್ದೇ ಹಾಗೆ. ಅವಳು ಮತ್ತೆ ಬರಲಿಲ್ಲ. ನಾನು ಯಾರನ್ನೂ ಕಳುಹಿಸಿ ವಿಚಾರಿಸಲಿಲ್ಲ. ಆ ವರ್ಷದ ಜಿಲ್ಲಾ ಸಭೆಯಲ್ಲಿ ನಮ್ಮ ತಾಲ್ಲೂಕಿನ ಪ್ರಗತಿಗೆ ಮೆಚ್ಚುಗೆ ಸಿಕ್ಕಿತು.

ಆಡಳಿತದ ತರಬೇತಿಯಲ್ಲಿ ಕೈಪಿಡಿಗಳನ್ನು, ಸುತ್ತೋಲೆಗಳನ್ನು ಧಾರಾಳವಾಗಿ ಓದಿಸುತ್ತಾರೆ. ಜೊತೆಗೆ ಈ ಎರಡು ಪುಸ್ತಕಗಳನ್ನೂ ಇಟ್ಟರೆ ತಪ್ಪೇನಿಲ್ಲವೆಂದು ಗೆಳೆಯರಿಗೆ ಹೇಳಿದೆ. ಆ ಮುದುಕಿಯ ವಿಷಯವನ್ನೂ ಹೇಳಿದೆ. ಅವತ್ತು ಯಾರೂ ನಗಲಿಲ್ಲ. ಬ್ಯಾಂಕಿನಲ್ಲಿದ್ದವರೊಬ್ಬರು ತಾವು ಸಹಿ ಹಾಕಿದ ಒಂದು ಜಪ್ತಿ ನೋಟಿಸಿನ ಕಥೆ ಶುರುಮಾಡಿದರು. ಅದು ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು.

‘ತಾತ, ಪುಸ್ತಕ ಕಳಿಸಿದಿರಾ?’ ಎಂದು ಮೊಮ್ಮಗಳು ಮೊನ್ನೆ ಫೋನ್ ಮಾಡಿದ್ದಳು. ಇನ್ನೂ ಇಲ್ಲ. ಪ್ರಾಧ್ಯಾಪಕರು ಓದುತ್ತಿದ್ದಾರೆ; ಅವರ ನಂತರ ಬ್ಯಾಂಕಿನವರು ಕೇಳಿದ್ದಾರೆ.