ಲಂಡನ್ ನಗರದ ಥೇಮ್ಸ್ ನದಿಯಲ್ಲಿ ಸಂಜೆಯ ಭೋಜನ ವಿಹಾರ: ತೆರಳಲಿರುವ ನಾಗರಿಕರಿಗೆ ಮಾಹಿತಿ

ವ್ಯಾಸಂಗ, ಉದ್ಯೋಗ, ಬಂಧುಗಳ ಭೇಟಿ ಅಥವಾ ಪ್ರವಾಸದ ಉದ್ದೇಶದಿಂದ ಲಂಡನ್ ನಗರಕ್ಕೆ ತೆರಳುವ ನಾಗರಿಕರು ಥೇಮ್ಸ್ ನದಿಯಲ್ಲಿ ಸಂಚರಿಸುವ ವಿಹಾರ ದೋಣಿಯೊಂದರಲ್ಲಿ ಸಂಜೆಯ ಊಟಕ್ಕೆ ಸ್ಥಳ ಕಾಯ್ದಿರಿಸುವುದುಂಟು. ಇದು ಹೋಟೆಲಿನಲ್ಲಿ ಮೇಜು ಕಾಯ್ದಿರಿಸುವಷ್ಟೇ ಸರಳವಾಗಿ ತೋರುತ್ತದೆ. ಆದರೆ ಇದು ನಿಗದಿತ ದಿನಾಂಕ, ನಿಗದಿತ ಜೆಟ್ಟಿ ಹಾಗೂ ನಿಗದಿತ ವೇಳೆಗೆ ಬದ್ಧವಾದ ಸೇವೆಯಾಗಿರುತ್ತದೆ. ದೋಣಿ ಒಮ್ಮೆ ಜೆಟ್ಟಿಯನ್ನು ಬಿಟ್ಟ ಮೇಲೆ ತಡವಾಗಿ ಬಂದವರಿಗೆ ಮತ್ತೊಂದು ಅವಕಾಶವಿರುವುದಿಲ್ಲ. ಹಣ ಪಾವತಿಸುವ ಮುನ್ನ ಅರಿತಿರಬೇಕಾದ ಅಂಶಗಳನ್ನು ಹಾಗೂ ದೋಣಿಯಲ್ಲಿ ಪಾಲಿಸಬೇಕಾದ ಸುರಕ್ಷತಾ ಕ್ರಮಗಳನ್ನು ಅವುಗಳ ಹಿನ್ನೆಲೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ನದಿಯ ಸ್ವರೂಪ

ಥೇಮ್ಸ್ ನದಿಯು ಸುಮಾರು 346 ಕಿ.ಮೀ. ಹರಿದು ಉತ್ತರ ಸಮುದ್ರವನ್ನು ಸೇರುತ್ತದೆ. ಲಂಡನ್ನಿನ ಪಶ್ಚಿಮಕ್ಕಿರುವ ಟೆಡ್ಡಿಂಗ್ಟನ್ ಎಂಬಲ್ಲಿಂದ ಕೆಳಕ್ಕೆ ಇದು ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟ ನದಿಯಾಗಿದ್ದು, ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಲಂಡನ್ ಸೇತುವೆಯ ಬಳಿ ಈ ಏರಿಳಿತದ ಅಂತರವು 7 ಮೀಟರಿನವರೆಗೂ ಇರುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಕಾಣುವ ಏರಿಳಿತಕ್ಕೆ ಹೋಲಿಸಿದಲ್ಲಿ ಇದು ಹಲವು ಪಟ್ಟು ಹೆಚ್ಚು.

ಪ್ರಯಾಣಿಕರಿಗೆ ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಲಂಡನ್ನಿನ ಜೆಟ್ಟಿಗಳು ನೀರಿನೊಂದಿಗೆ ಏರಿ ಇಳಿಯುವ ತೇಲುವ ಕಟ್ಟೆಗಳಾಗಿವೆ. ದಡದಿಂದ ಜೆಟ್ಟಿಗೆ ಇಳಿಯುವ ಓಣಿಸೇತುವೆಯು ಉಬ್ಬರದ ವೇಳೆ ಬಹುತೇಕ ಸಮತಟ್ಟಾಗಿದ್ದು, ಇಳಿತದ ವೇಳೆ ಕಡಿದಾದ ಇಳಿಜಾರಾಗುತ್ತದೆ. ಸಂಜೆ ಸಲೀಸಾಗಿ ಇಳಿದ ಹಿರಿಯರು ರಾತ್ರಿ ಅದೇ ದಾರಿಯಲ್ಲಿ ಮೇಲೇರಲು ಕಷ್ಟಪಡಬೇಕಾದೀತು. ಗಾಲಿಕುರ್ಚಿ ಬಳಸುವವರು, ಮಂಡಿನೋವುಳ್ಳವರು ಆ ದಿನದ ಉಬ್ಬರವಿಳಿತದ ವೇಳೆಯನ್ನು ದೋಣಿ ಸಂಸ್ಥೆಯಿಂದ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಎರಡನೆಯದಾಗಿ, ನೀರು ಏರಿದಂತೆ ಸೇತುವೆಗಳ ಕಮಾನಿನ ಕೆಳಗಿನ ತೆರವು ಕಿರಿದಾಗುವುದರಿಂದ ಮಾರ್ಗವನ್ನು ಬದಲಿಸುವ ಅಥವಾ ಮೊಟಕುಗೊಳಿಸುವ ಹಕ್ಕನ್ನು ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ಕಾಯ್ದಿರಿಸಿಕೊಂಡಿರುತ್ತವೆ.

1894ರಲ್ಲಿ ಉದ್ಘಾಟನೆಗೊಂಡ ಟವರ್ ಸೇತುವೆಯು ತಮ್ಮ ದೋಣಿಗಾಗಿ ತೆರೆದುಕೊಳ್ಳುವುದೆಂದು ನಿರೀಕ್ಷಿಸುವವರೂ ಇದ್ದಾರೆ. ಆ ಸೇತುವೆಯು ವರ್ಷಕ್ಕೆ ಸುಮಾರು 800 ಬಾರಿ ತೆರೆಯುವುದು ನಿಜ; ಆದರೆ ಅದು ಎತ್ತರದ ಪಟಸ್ತಂಭ ಅಥವಾ ಮೇಲ್ಕಟ್ಟಡವುಳ್ಳ ನೌಕೆಗಳಿಗಾಗಿ. ವಿಹಾರ ದೋಣಿಗಳು ಮುಚ್ಚಿದ ಸೇತುವೆಯ ಅಡಿಯಲ್ಲೇ ಸಾಗುವಷ್ಟು ತಗ್ಗಾಗಿರುತ್ತವೆ.

ವೀಸಾ ಮತ್ತು ಮುಂಗಡ ಕಾಯ್ದಿರಿಸುವಿಕೆ

ಭಾರತೀಯ ಪಾಸ್‌ಪೋರ್ಟ್ ಹೊಂದಿರುವವರು ಪ್ರವಾಸಕ್ಕಾಗಿ ಬ್ರಿಟನ್ನಿಗೆ ತೆರಳಲು ಸಂದರ್ಶಕ ವೀಸಾ ಪಡೆಯುವುದು ಕಡ್ಡಾಯವಾಗಿದೆ. ಅರ್ಜಿಯನ್ನು ಬ್ರಿಟನ್ ಸರ್ಕಾರದ ಅಧಿಕೃತ ಜಾಲತಾಣದಲ್ಲಿಯೇ ಸಲ್ಲಿಸತಕ್ಕದ್ದು. ಭೋಜನ ವಿಹಾರದ ಟಿಕೆಟ್ ಈ ಅರ್ಜಿಗೆ ಅಗತ್ಯವಾದ ದಾಖಲೆಯಲ್ಲ. ಟಿಕೆಟ್ ಲಗತ್ತಿಸಿದಲ್ಲಿ ವೀಸಾ ಸುಲಭವಾಗಿ ದೊರೆಯುವುದೆಂದು ಮಧ್ಯವರ್ತಿಗಳು ಹೇಳಿದರೆ ಅದನ್ನು ನಂಬಬಾರದು. ವೀಸಾ ಕೈಸೇರುವವರೆಗೆ ಇಂತಹ ಟಿಕೆಟಿಗೆ ಹಣ ಪಾವತಿಸದಿರುವುದೇ ಕ್ಷೇಮ.

ಇದಕ್ಕೆ ಕಾನೂನಿನ ಕಾರಣವೂ ಇದೆ. ಬ್ರಿಟನ್ನಿನಲ್ಲಿ ಅಂತರಜಾಲದ ಮೂಲಕ ಕೊಂಡ ಅನೇಕ ವಸ್ತು ಮತ್ತು ಸೇವೆಗಳನ್ನು 14 ದಿನಗಳೊಳಗೆ ಕಾರಣ ನೀಡದೆ ರದ್ದುಪಡಿಸುವ ಹಕ್ಕನ್ನು 2013ರ ಗ್ರಾಹಕ ಒಪ್ಪಂದಗಳ ನಿಯಮಗಳು ನೀಡುತ್ತವೆ. ಆದರೆ ನಿರ್ದಿಷ್ಟ ದಿನಾಂಕಕ್ಕೆ ಗೊತ್ತುಪಡಿಸಿದ ಊಟೋಪಚಾರ ಮತ್ತು ಮನರಂಜನೆಯ ಸೇವೆಗಳನ್ನು ಈ ಹಕ್ಕಿನಿಂದ ಹೊರಗಿಡಲಾಗಿದೆ. ಆದ್ದರಿಂದ ವೀಸಾ ತಡವಾಯಿತು, ವಿಮಾನ ತಪ್ಪಿತು ಎಂಬ ಕಾರಣಕ್ಕೆ ಹಣ ಹಿಂದಿರುಗಿಸಬೇಕೋ ಇಲ್ಲವೋ ಎಂಬುದು ಸಂಸ್ಥೆಯ ಸ್ವಂತ ಷರತ್ತುಗಳಿಗೆ ಬಿಟ್ಟ ವಿಷಯವಾಗುತ್ತದೆ. ದಿನಾಂಕ ಬದಲಾವಣೆಗೆ ಅವಕಾಶವಿದೆಯೇ, ಇದ್ದಲ್ಲಿ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ಓದಿಯೇ ಮುಂದುವರಿಯಬೇಕು.

ಟಿಕೆಟಿನಲ್ಲಿ ನಮೂದಿಸಿರುವ ಜೆಟ್ಟಿಯ ಹೆಸರನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ವೆಸ್ಟ್‌ಮಿನ್‌ಸ್ಟರ್, ಎಂಬ್ಯಾಂಕ್‌ಮೆಂಟ್ ಮತ್ತು ಟವರ್ ಎಂಬ ಮೂರು ಪ್ರಮುಖ ಜೆಟ್ಟಿಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ 3 ಕಿ.ಮೀ.ಗೂ ಹೆಚ್ಚಿನ ದೂರವಿದೆ. ಸಂಜೆಯ ವಾಹನ ದಟ್ಟಣೆಯಲ್ಲಿ ಟ್ಯಾಕ್ಸಿಯನ್ನು ನೆಚ್ಚುವುದಕ್ಕಿಂತ ಸುರಂಗ ರೈಲು ಲೇಸು: ಮೊದಲೆರಡು ಜೆಟ್ಟಿಗಳಿಗೆ ಅದೇ ಹೆಸರಿನ ನಿಲ್ದಾಣಗಳಿದ್ದು, ಟವರ್ ಜೆಟ್ಟಿಗೆ ಟವರ್ ಹಿಲ್ ನಿಲ್ದಾಣವು ಸಮೀಪದಲ್ಲಿದೆ.

ಋತು ಮತ್ತು ವೇಳೆ

ಜಾಹೀರಾತಿನ ಚಿತ್ರಗಳಲ್ಲಿ ದೀಪಾಲಂಕೃತ ನಗರವು ಕಾಣುವುದಾದರೂ ಎಲ್ಲ ತಿಂಗಳುಗಳಲ್ಲಿ ಆ ನೋಟವು ಊಟದ ವೇಳೆಗೆ ದೊರೆಯುವುದಿಲ್ಲ. ಜೂನ್ ತಿಂಗಳ ಮಧ್ಯಭಾಗದಲ್ಲಿ ಲಂಡನ್ನಿನಲ್ಲಿ ಸೂರ್ಯಾಸ್ತವಾಗುವುದು ರಾತ್ರಿ 9.15ರ ನಂತರ. ಏಳೂವರೆಗೆ ದೋಣಿ ಏರಿದವರು ಊಟದ ಬಹುಭಾಗವನ್ನು ಹಗಲ ಬೆಳಕಿನಲ್ಲಿಯೇ ಮುಗಿಸಬೇಕಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ಸಂಜೆ 4 ಗಂಟೆಗೂ ಮುನ್ನವೇ ಮುಳುಗುವುದರಿಂದ ದೀಪಗಳೇನೋ ಕಾಣುತ್ತವೆ, ಆದರೆ ತೆರೆದ ಅಟ್ಟದ ಮೇಲೆ ಚಳಿಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು. ಬೆಳಕು ಮತ್ತು ಹವೆ ಎರಡೂ ಅನುಕೂಲವಾಗಿರಬೇಕೆನ್ನುವವರಿಗೆ ಸೆಪ್ಟೆಂಬರ್ ತಿಂಗಳು ಸೂಕ್ತ. ರೇಷ್ಮೆ ಸೀರೆ ಉಡುವವರು ಯಾವ ತಿಂಗಳಿನಲ್ಲಾದರೂ ಜೊತೆಗೆ ಉಣ್ಣೆಯ ಹೊದಿಕೆ, ಜಾರದ ಪಾದರಕ್ಷೆ ಹೊಂದಿರುವುದು ಒಳ್ಳೆಯದು.

ಮಾರ್ಗದಲ್ಲಿ ಕಾಣುವ ಸ್ಥಳಗಳು

ಮಾರ್ಗವು ಸಂಸ್ಥೆಯಿಂದ ಸಂಸ್ಥೆಗೆ ಭಿನ್ನವಾಗಿದ್ದು, ಸಾಮಾನ್ಯವಾಗಿ ಸಂಸತ್ ಭವನದಿಂದ ಟವರ್ ಸೇತುವೆಯವರೆಗಿನ ಭಾಗವನ್ನು ಒಳಗೊಂಡಿರುತ್ತದೆ. ಕೆಲವು ದೋಣಿಗಳು ಪೂರ್ವಕ್ಕೆ ಗ್ರೀನಿಚ್‌ವರೆಗೂ ಸಾಗುತ್ತವೆ. 96 ಮೀಟರ್ ಎತ್ತರದ ಗಡಿಯಾರ ಗೋಪುರ, 135 ಮೀಟರ್ ಎತ್ತರದ ಲಂಡನ್ ಐ ಚಕ್ರ, ಸಂತ ಪಾಲರ ಚರ್ಚಿನ ಗುಮ್ಮಟ, ಟವರ್ ಕೋಟೆ ಇವು ಎಲ್ಲರೂ ಬಲ್ಲ ಸ್ಥಳಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಟರ್‌ಲೂ ಸೇತುವೆಯ ನಿರ್ಮಾಣದಲ್ಲಿ ಮಹಿಳಾ ಕಾರ್ಮಿಕರು ದುಡಿದುದರಿಂದ ಅದಕ್ಕೆ ಹೆಂಗಸರ ಸೇತುವೆ ಎಂಬ ಹೆಸರೂ ಇದೆ. 2021ರಲ್ಲಿ ಪೂರ್ಣಗೊಂಡ ಯೋಜನೆಯೊಂದರಡಿ ಲಂಡನ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯವರೆಗಿನ 9 ಸೇತುವೆಗಳಿಗೆ ಕಲಾವಿದ ಲಿಯೋ ವಿಲ್ಲರಿಯಲ್ ಅವರು ಬೆಳಕಿನ ವಿನ್ಯಾಸ ರೂಪಿಸಿದ್ದಾರೆ.

ಕನ್ನಡಿಗರಿಗೆ ಈ ನದಿಯ ದಡದಲ್ಲಿ ಮತ್ತೊಂದು ಸ್ಥಳವೂ ಇದೆ. ಲ್ಯಾಂಬೆತ್ ಮತ್ತು ವಾಕ್ಸ್‌ಹಾಲ್ ಸೇತುವೆಗಳ ನಡುವೆ, ದಕ್ಷಿಣ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಜಗಜ್ಯೋತಿ ಬಸವೇಶ್ವರರ ಪ್ರತಿಮೆಯನ್ನು ಪ್ರತಿಷ್ಠಾಪಿಸಲಾಗಿದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರ ಪ್ರಯತ್ನದ ಫಲವಾಗಿ ಸ್ಥಾಪಿತವಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಎಲ್ಲ ದೋಣಿಗಳು ಅಷ್ಟು ಮೇಲಕ್ಕೆ ಸಾಗುವುದಿಲ್ಲ. ಹಗಲಿನಲ್ಲಿಯೇ ದಡದ ಕಾಲುದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆಯಿಂದ ನಡೆದು ದರ್ಶನ ಪಡೆದು, ಬಳಿಕ ಜೆಟ್ಟಿಗೆ ತೆರಳುವುದು ಉತ್ತಮ.

ಊಟದ ವಿಚಾರ

ಟಿಕೆಟಿನ ದರದಲ್ಲಿ ಏನೆಲ್ಲ ಸೇರಿದೆ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಊಟ ಮಾತ್ರ ಸೇರಿದ್ದು ಪಾನೀಯಗಳಿಗೆ ಪ್ರತ್ಯೇಕ ಬಿಲ್ಲು ಬರುವುದು, ಕಿಟಕಿಯ ಪಕ್ಕದ ಮೇಜಿಗೆ ಹೆಚ್ಚುವರಿ ದರ ವಿಧಿಸುವುದು ಸಾಮಾನ್ಯ. ಬಿಲ್ಲಿನಲ್ಲಿ ಐಚ್ಛಿಕ ಸೇವಾಶುಲ್ಕವೆಂದು ನಮೂದಿಸಿದ ಮೊತ್ತವನ್ನು ಕೊಡದಿರಲು ಗ್ರಾಹಕನಿಗೆ ಹಕ್ಕಿದೆ. ಕೊಟ್ಟಲ್ಲಿ, 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ ಆ ಹಣವು ಪೂರ್ತಿಯಾಗಿ ನೌಕರರಿಗೇ ಸಲ್ಲಬೇಕು.

ಸಸ್ಯಾಹಾರಿಗಳು ಹೆಚ್ಚಿನ ಎಚ್ಚರ ವಹಿಸಬೇಕು. ಅಲ್ಲಿ ಸಸ್ಯಾಹಾರ ಎಂದರೆ ಮಾಂಸ, ಮೀನು ಇಲ್ಲದ ಆಹಾರ ಎಂದಷ್ಟೇ ಅರ್ಥ. ಮೊಟ್ಟೆಗೆ ಅದರಲ್ಲಿ ನಿಷೇಧವಿಲ್ಲ. ವೇಗನ್ ಎಂದು ಕೇಳಿದರೆ ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆಯೂ ಇಲ್ಲದ ಊಟ ಬರುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ, ಹಾಲುಂಟು ಮೊಟ್ಟೆಯಿಲ್ಲ ಎಂಬ ಕ್ರಮಕ್ಕೆ ಅಲ್ಲಿ ಒಂದೇ ಪದದ ಹೆಸರಿಲ್ಲ. ಆದ್ದರಿಂದ ಮೊಟ್ಟೆ ಬೇಡ ಎಂಬುದನ್ನು ಬಿಡಿಸಿ ಬರೆದು ತಿಳಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ವರ್ಜಿಸುವವರೂ ಹಾಗೆಯೇ. ದೋಣಿಯ ಅಡುಗೆಮನೆ ಚಿಕ್ಕದು. ಮೇಜಿನ ಮುಂದೆ ಕುಳಿತ ಮೇಲೆ ಬೇರೆ ಊಟ ಕೇಳಿದರೆ ದೊರೆಯುವ ಭರವಸೆಯಿಲ್ಲ. ಕಡಲೆಕಾಯಿ, ಎಳ್ಳು, ಹಾಲು ಸೇರಿದಂತೆ 14 ಬಗೆಯ ಅಲರ್ಜಿಕಾರಕ ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬ ಮಾಹಿತಿಯನ್ನು ಒದಗಿಸುವುದು ಅಲ್ಲಿನ ಆಹಾರ ಉದ್ಯಮಗಳ ಕಾನೂನುಬದ್ಧ ಕರ್ತವ್ಯವಾಗಿದೆ. ಮದ್ಯವನ್ನು 18 ವರ್ಷ ತುಂಬಿದವರಿಗೆ ಮಾತ್ರ ಮಾರಲಾಗುತ್ತದೆ. ಎಳೆಯರಂತೆ ಕಾಣುವವರಿಂದ ವಯಸ್ಸಿನ ದಾಖಲೆ ಕೇಳುವುದುಂಟು.

ಸುರಕ್ಷತೆ: ಇಂದಿನ ವ್ಯವಸ್ಥೆಯ ಹಿನ್ನೆಲೆ

ದೋಣಿ ಹೊರಡುವ ಮುನ್ನ ಧ್ವನಿವರ್ಧಕದಲ್ಲಿ ಸುರಕ್ಷತಾ ಪ್ರಕಟಣೆಯೊಂದು ಕೇಳಿಬರುತ್ತದೆ. ಮೊದಲ ಬಟ್ಟಲು ಪಾನೀಯ ಬರುವ ವೇಳೆಯೂ ಅದೇ ಆಗಿರುವುದರಿಂದ ಹಲವರು ಇದಕ್ಕೆ ಕಿವಿಗೊಡುವುದಿಲ್ಲ. ಈ ಪ್ರಕಟಣೆಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು.

1989ರ ಆಗಸ್ಟ್ 20ರ ನಸುಕಿನಲ್ಲಿ, ಗಂಟೆ ಎರಡಾಗುವ ಮುನ್ನ, ಮಾರ್ಷನೆಸ್ ಎಂಬ ವಿಹಾರ ದೋಣಿಯು ಹುಟ್ಟುಹಬ್ಬದ ಕೂಟವೊಂದನ್ನು ಹೊತ್ತು ಪೂರ್ವಾಭಿಮುಖವಾಗಿ ಸಾಗುತ್ತಿತ್ತು. 1923ರಲ್ಲಿ ಕಟ್ಟಲ್ಪಟ್ಟಿದ್ದ ಆ ದೋಣಿಯಲ್ಲಿ ಸುಮಾರು 130 ಮಂದಿ ಇದ್ದರು; ಬಹುತೇಕರು ಯುವಜನರು. ಅದೇ ದಿಕ್ಕಿನಲ್ಲಿ ಹಿಂದಿನಿಂದ ಬರುತ್ತಿದ್ದ ಬೋಬೆಲ್ ಎಂಬ ಭಾರೀ ಡ್ರೆಜ್ಜರ್ ಹಡಗು ಕ್ಯಾನನ್ ಸ್ಟ್ರೀಟ್ ರೈಲ್ವೆ ಸೇತುವೆಯ ಸಮೀಪ ಅದಕ್ಕೆ ಡಿಕ್ಕಿ ಹೊಡೆಯಿತು. ಒಂದು ನಿಮಿಷ ಕಳೆಯುವುದರೊಳಗೆ ಮಾರ್ಷನೆಸ್ ಮುಳುಗಿತು. 51 ಮಂದಿ ಮೃತಪಟ್ಟರು. ದಡಗಳೆರಡೂ ದೀಪಗಳಿಂದ ಬೆಳಗುತ್ತಿದ್ದ, ಮಹಾನಗರದ ನಟ್ಟನಡುವಿನ ಸ್ಥಳವದು.

ಎರಡೂ ನೌಕೆಗಳಲ್ಲಿ ಸುತ್ತಮುತ್ತಲ ಮೇಲೆ ಸರಿಯಾದ ಕಾವಲು ನೋಟವಿರಲಿಲ್ಲವೆಂಬುದು ತನಿಖೆಗಳಿಂದ ಹೊರಬಿದ್ದ ಮುಖ್ಯ ಕಾರಣ. ಡ್ರೆಜ್ಜರಿನ ಚಾಲನಾ ಕೊಠಡಿ ಹಿಂಭಾಗದಲ್ಲಿದ್ದು ಮುಂದಿನ ನೀರು ಸರಿಯಾಗಿ ಕಾಣುತ್ತಿರಲಿಲ್ಲ. ವಿಹಾರ ದೋಣಿಯ ಚಾಲಕನಿಗೆ ಹಿಂದಿನದು ಕಾಣುತ್ತಿರಲಿಲ್ಲ. ಪೂರ್ಣ ಸಾರ್ವಜನಿಕ ವಿಚಾರಣೆಗಾಗಿ ಮೃತರ ಕುಟುಂಬದವರು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಬೇಕಾಯಿತು. ನ್ಯಾಯಮೂರ್ತಿ ಕ್ಲಾರ್ಕ್ ಅವರ ವಿಚಾರಣಾ ವರದಿಯು 2001ರಲ್ಲಿ ಪ್ರಕಟವಾಯಿತು. 2002ರ ಜನವರಿಯಲ್ಲಿ ಥೇಮ್ಸ್ ನದಿಗೆಂದೇ ಗ್ರೇವ್ಸೆಂಡ್, ಟವರ್, ಚಿಸಿಕ್ ಮತ್ತು ಟೆಡ್ಡಿಂಗ್ಟನ್ ಎಂಬ ನಾಲ್ಕು ಜೀವರಕ್ಷಕ ದೋಣಿ ಠಾಣೆಗಳು ಕಾರ್ಯಾರಂಭ ಮಾಡಿದವು. ಇವನ್ನು ನಡೆಸುವ ಆರ್.ಎನ್.ಎಲ್.ಐ. ಸರ್ಕಾರಿ ಇಲಾಖೆಯಲ್ಲ, ಮುಖ್ಯವಾಗಿ ಜನರ ದೇಣಿಗೆಯಿಂದ ನಡೆಯುವ ದತ್ತಿ ಸಂಸ್ಥೆ. ಹೆಸರು ಟವರ್ ಎಂದಿದ್ದರೂ ಆ ಠಾಣೆ ಇಂದು ವಾಟರ್‌ಲೂ ಸೇತುವೆಯ ಬುಡದಲ್ಲಿದ್ದು, ಭೋಜನ ದೋಣಿಯ ಕಿಟಕಿಯಿಂದ ಕಾಣುತ್ತದೆ. ಮೃತರ ಸ್ಮಾರಕ ಫಲಕವು ಲಂಡನ್ ಸೇತುವೆಯ ಪಕ್ಕದ ಸದರ್ಕ್ ಚರ್ಚಿನಲ್ಲಿದೆ.

ಪ್ರಯಾಣಿಕರು ಪಾಲಿಸಬೇಕಾದ ಕ್ರಮಗಳು

12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ದೋಣಿಯು ಬ್ರಿಟನ್ನಿನ ಸಾಗರ ಮತ್ತು ತೀರರಕ್ಷಣಾ ಸಂಸ್ಥೆಯ ಪ್ರಮಾಣಪತ್ರ ಹೊಂದಿರಬೇಕು. ಗರಿಷ್ಠ ಎಷ್ಟು ಜನರನ್ನು ಹತ್ತಿಸಿಕೊಳ್ಳಬಹುದೆಂಬುದು ಅದರಲ್ಲಿ ನಮೂದಾಗಿರುತ್ತದೆ. ದೋಣಿ ಏರುವಾಗ ಸಿಬ್ಬಂದಿ ತಲೆ ಎಣಿಸುವ ವೇಳೆ ಗುಂಪಾಗಿ ನುಗ್ಗುವುದು, ಎಣಿಕೆಯಾದ ಬಳಿಕ ಹೇಳದೆ ಜೆಟ್ಟಿಗೆ ಇಳಿದುಹೋಗುವುದು ಸರಿಯಲ್ಲ. ಅವಘಡದ ವೇಳೆ ಎಷ್ಟು ಜನರನ್ನು ಹುಡುಕಬೇಕೆಂಬುದು ಆ ಎಣಿಕೆಯಿಂದಲೇ ನಿರ್ಧಾರವಾಗುತ್ತದೆ.

ದೊಡ್ಡ ವಿಹಾರ ದೋಣಿಗಳಲ್ಲಿ ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ಕುಳಿತುಕೊಳ್ಳುವ ಪದ್ಧತಿಯಿಲ್ಲ. ಅವನ್ನು ಎಲ್ಲಿ ಇಡಲಾಗಿದೆ, ತಮ್ಮ ಮೇಜಿನಿಂದ ಹೊರಹೋಗುವ ಎರಡು ದಾರಿಗಳು ಯಾವುವು ಎಂಬುದನ್ನು ಕುಳಿತ ಕೂಡಲೇ ನೋಡಿಕೊಳ್ಳಬೇಕು. ಮಕ್ಕಳ ಅಳತೆಯ ಜಾಕೆಟ್ ಪ್ರತ್ಯೇಕವಾಗಿರುವುದರಿಂದ ಸಿಬ್ಬಂದಿಯನ್ನು ಕೇಳಿ ತಿಳಿಯುವುದು ಅವಶ್ಯ. ಭಾವಚಿತ್ರ ತೆಗೆಯಲು ಕಟಕಟೆಯ ಮೇಲೆ ಮಗುವನ್ನು ಕೂರಿಸಕೂಡದು.

ಯಾರಾದರೂ ನೀರಿಗೆ ಬಿದ್ದಲ್ಲಿ ಹಿಂದೆಯೇ ಧುಮುಕಬಾರದು. ಈಜು ಬಲ್ಲವರೂ ತಣ್ಣೀರಿನ ಆಘಾತಕ್ಕೆ ಉಸಿರು ಕಟ್ಟಿ ಸಾಯುವ ನದಿ ಇದು. ಗಟ್ಟಿಯಾಗಿ ಕೂಗಿ ಸಿಬ್ಬಂದಿಗೆ ತಿಳಿಸುವುದು, ತೇಲುಬಳೆಯನ್ನು ಎಸೆಯುವುದು, ಬಿದ್ದವರಿಂದ ಕಣ್ಣು ತೆಗೆಯದೆ ಕೈಬೆರಳಿನಿಂದ ತೋರಿಸುತ್ತಲೇ ಇರುವುದು ಸರಿಯಾದ ಕ್ರಮ. ಬಿದ್ದವರು ಕೂಡಲೇ ಈಜಲು ಯತ್ನಿಸದೆ ಮುಖ ಮೇಲಾಗಿ ಅಂಗಾತ ತೇಲಿ, ಉಸಿರು ಹತೋಟಿಗೆ ಬರುವವರೆಗೆ ಕಾಯಬೇಕು. ದಡದಿಂದ ನೋಡಿದವರು 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಿ, ಹತ್ತಿರದ ಸೇತುವೆಯ ಹೆಸರನ್ನು ತಿಳಿಸಬೇಕು.

ದೂರು ಮತ್ತು ಇತರೆ

ಊಟ ಮುಗಿಸದೆಯೇ ದೋಣಿ ಹಿಂದಿರುಗಿತು, ವಾಗ್ದಾನ ಮಾಡಿದ ಸಸ್ಯಾಹಾರ ದೊರೆಯಲಿಲ್ಲ ಎಂಬಂತಹ ಸಂದರ್ಭಗಳಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ದರ ಕಡಿತ ಕೋರಲು ಅವಕಾಶವಿರುತ್ತದೆ. ದೂರನ್ನು ಅದೇ ರಾತ್ರಿ ದೋಣಿಯ ವ್ಯವಸ್ಥಾಪಕರಿಗೆ ತಿಳಿಸಿ, ಮರುದಿನ ಬರಹದಲ್ಲಿ ಕಳುಹಿಸಬೇಕು. ಊಟದ ಬಗ್ಗೆ ಮುಂಚೆ ಬರೆದು ಪಡೆದ ಉತ್ತರವನ್ನು ಲಗತ್ತಿಸಬೇಕು. ಭಾರತಕ್ಕೆ ಮರಳಿದ ಮೇಲೆ ಮೊದಲ ಬಾರಿಗೆ ದೂರು ಬರೆಯುವವರ ವಾದಕ್ಕೆ ಬಲ ಕಡಿಮೆ.

ಪಾಸ್‌ಪೋರ್ಟ್ ಕಳೆದುಕೊಂಡವರು ಪೊಲೀಸರಿಗೆ ವರದಿ ಮಾಡಿ ಭಾರತೀಯ ಹೈಕಮಿಷನ್ ಕಚೇರಿಯನ್ನು ಸಂಪರ್ಕಿಸಬೇಕು. ಸದರಿ ಕಚೇರಿಯು ಆಲ್ಡ್‌ವಿಚ್ ಪ್ರದೇಶದ ಇಂಡಿಯಾ ಹೌಸ್ ಕಟ್ಟಡದಲ್ಲಿದ್ದು, ವಾಟರ್‌ಲೂ ಸೇತುವೆಯ ಉತ್ತರ ತುದಿಯಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿದೆ.

ಊಟದ ಅಗತ್ಯವಿಲ್ಲದೆ ನದಿಯನ್ನು ಮಾತ್ರ ನೋಡಬಯಸುವವರು ನಿತ್ಯ ಸಂಚರಿಸುವ ನದಿ ಬಸ್ಸುಗಳನ್ನು ಬಳಸಬಹುದಾಗಿದೆ. ಸುರಂಗ ರೈಲಿಗೆ ಬಳಸುವ ಆಯಿಸ್ಟರ್ ಕಾರ್ಡ್ ಇವುಗಳಲ್ಲಿಯೂ ನಡೆಯುತ್ತದೆ. ಭೋಜನ ವಿಹಾರಕ್ಕೆ ಹೋಲಿಸಿದಲ್ಲಿ ದರವು ಬಹಳ ಕಡಿಮೆಯಿದ್ದು, ಅವು ಸಾಗುವುದು ಅದೇ ಸೇತುವೆಗಳ ಅಡಿಯಲ್ಲಿ.